ದಕ್ಷಿಣದ ಗುಚ್ಛಗಳು, ಸ್ಟುಡಿಯೊದ ಹೈಪೊ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮೊದಲು ಅರಿಸಿನ, ಚೆಂಡುಹೂವಿನ ಹೊಲಗಳು, ಅದರಾಚೆ ಬಂಡೀಪುರದ ಕಾಡು, ಕಾಡಿನಾಚೆ ನೀಲಗಿರಿ. ನಮ್ಮೂರಿನ ಅಕ್ಷಾಂಶ 11.8 ಡಿಗ್ರಿ ಉತ್ತರ. ಆಕಾಶ ನೋಡುವವರಿಗೆ ಊರಿನ ಬಗ್ಗೆ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇಲ್ಲ. 90ರಲ್ಲಿ ಅಕ್ಷಾಂಶವನ್ನು ಕಳೆಯಿರಿ, ಉಳಿದದ್ದರಲ್ಲಿ ನಕ್ಷತ್ರದ ದಕ್ಷಿಣ ಡಿಕ್ಲಿನೇಷನ್, ಅಂದರೆ ಆಕಾಶದ ವಿಷುವದ್ವೃತ್ತದಿಂದ ಅದು ಎಷ್ಟು ಡಿಗ್ರಿ ದಕ್ಷಿಣಕ್ಕಿದೆ ಎಂಬುದನ್ನು ಕಳೆಯಿರಿ. ಆ ನಕ್ಷತ್ರ ನಮ್ಮ ದಿಗಂತದಿಂದ ಹೆಚ್ಚೆಂದರೆ ಎಷ್ಟು ಮೇಲೆ ಬರುತ್ತದೆಂಬುದು ಸಿಕ್ಕಿತು. ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ, ಅಂದರೆ ಗೋಳಾಕಾರದ ನಕ್ಷತ್ರಗುಚ್ಛ, 31 ಡಿಗ್ರಿ. ತ್ರಿಶಂಕುವಿನಲ್ಲಿರುವ ಜ್ಯುವೆಲ್ ಬಾಕ್ಸ್ ಎಂಬ ಗುಚ್ಛ 18 ಡಿಗ್ರಿ. ದಕ್ಷಿಣದ ಕೃತ್ತಿಕೆ ಎಂದು ಹೆಸರಾದ ಐಸಿ 2602 ಸುಮಾರು 14 ಡಿಗ್ರಿ. ಎಲ್ಲಕ್ಕಿಂತ ಕೆಳಗೆ 47 ಟುಕಾನೆ, ಬರೀ 6 ಡಿಗ್ರಿ. ಅದರಲ್ಲೂ ಕೆಳಗಿನ ಎರಡು ಡಿಗ್ರಿಯಷ್ಟನ್ನು ನೀಲಗಿರಿಯೇ ನುಂಗುತ್ತದೆ. ಬೀದರಿನಲ್ಲಿ ನಿಂತವರಿಗೆ ಈ ಕೊನೆಯ ಗುಚ್ಛ ದಿಗಂತವನ್ನು ಸವರಿ ಹೋಗುತ್ತದೆ ಅಷ್ಟೆ, ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕದಲ್ಲಿ ಅದನ್ನು ಫೋಟೊ ತೆಗೆಯಬೇಕೆನ್ನುವವರು ನಮ್ಮ ಸೀಮೆಗೇ ಬರಬೇಕು.

ನಾನು ಈ ಊರಿನಲ್ಲಿ ಫೋಟೊ ಸ್ಟುಡಿಯೊ ನಡೆಸುವವನು. ಸ್ಟುಡಿಯೊ ಹಾಕಿದವರು ಅಪ್ಪ. ಹಗಲೆಲ್ಲ ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ. ಚಳಿಗಾಲ ಬಂತೆಂದರೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಟ್ರೈಪಾಡ್ ಹೊತ್ತು ಸ್ನೇಹಿತರ ಹೊಲಕ್ಕೆ. ದಕ್ಷಿಣದ ಗುಚ್ಛಗಳ ಚರಿತ್ರೆಯನ್ನು ಪುಸ್ತಕಗಳು ದೊಡ್ಡ ದೂರದರ್ಶಕಗಳ ಚರಿತ್ರೆಯಾಗಿ ಹೇಳುತ್ತವೆ. ಓದುತ್ತಾ ಹೋದ ಹಾಗೆ ನನಗೆ ಅದರಲ್ಲಿ ನಮ್ಮ ಕಸುಬಿನವರೇ ಕಾಣತೊಡಗಿದರು. ಲೆನ್ಸ್ ಎರವಲು ಕೊಟ್ಟವರು, ಗಾಜಿನ ಪ್ಲೇಟು ತೊಳೆದವರು, ಪ್ಲೇಟಿನ ಅಂಚಿನಲ್ಲಿ ತಾರೀಕು ಬರೆದವರು. ಜೊತೆಗೆ, ನಮ್ಮದೇ ಅಕ್ಷಾಂಶದಲ್ಲಿ ನಿಂತು ಕೆಳಗಿನ ಆಕಾಶವನ್ನು ಪಟ್ಟು ಹಿಡಿದು ನೋಡಿದ ಕೆಲವರು. ಈ ಎರಡೂ ಬಳಗಗಳ ಕಥೆ ಒಟ್ಟಿಗೆ ಹೇಳಬೇಕಾದದ್ದು ಎಂದು ನಾನು ನಂಬಿದ್ದೇನೆ.

ಮೊದಲಿಗೆ ಒಂದು ಮಾತು. ಯಾವ ನಕ್ಷತ್ರವೂ ತಾನಾಗಿ ತಗ್ಗಿನಲ್ಲಿಲ್ಲ; ಅದು ನಾವು ನಿಂತ ನೆಲದ ಮಾತು. ಪ್ಯಾರಿಸ್ಸಿನ ಕ್ಲೂನಿ ಭವನದ ಮೇಲಿನಿಂದ ಆಕಾಶ ನೋಡುತ್ತಿದ್ದ ಶಾರ್ಲ್ ಮೆಸ್ಸಿಯೆ 18ನೇ ಶತಮಾನದಲ್ಲಿ ಮಾಡಿದ ಪಟ್ಟಿಯಲ್ಲಿ ತೀರಾ ದಕ್ಷಿಣದ್ದು ಎಂ7, ವೃಶ್ಚಿಕದ ಕೊಂಡಿಯ ಬಳಿಯ ಗುಚ್ಛ. ಪ್ಯಾರಿಸ್ಸಿನಲ್ಲಿ ಅದು 6 ಡಿಗ್ರಿಗಿಂತ ತುಸು ಮೇಲೇರುತ್ತದೆ, ನಮಗೆ 47 ಟುಕಾನೆ ಹೇಗೋ ಹಾಗೆ. ಗುಂಡ್ಲುಪೇಟೆಯಲ್ಲಿ ಅದೇ ಎಂ7 43 ಡಿಗ್ರಿ ಎತ್ತರದಲ್ಲಿ ಆರಾಮವಾಗಿ ಕಾಣುತ್ತದೆ. ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ 2ನೇ ಶತಮಾನದಲ್ಲೇ ಅದನ್ನು ಮಂಜಿನಂಥ ಮಚ್ಚೆ ಎಂದು ಬರೆದಿಟ್ಟಿದ್ದ. ಒಮೆಗಾ ಸೆಂಟಾರಿಯೂ ಅವನ ಪಟ್ಟಿಯಲ್ಲಿದೆ, ಒಂದು ನಕ್ಷತ್ರವೆಂಬಂತೆ.

ದಿಗಂತಕ್ಕೂ ಒಂದು ಚರಿತ್ರೆಯಿದೆ. ಭೂಮಿಯ ಅಕ್ಷ 26,000 ವರ್ಷಕ್ಕೊಮ್ಮೆ ಸುತ್ತು ಬರುವುದರಿಂದ ನಕ್ಷತ್ರಗಳ ಎತ್ತರ ಶತಮಾನಗಳಲ್ಲಿ ಬದಲಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ತ್ರಿಶಂಕು ನಮಗೆ ಈಗಿನದಕ್ಕಿಂತ ಸುಮಾರು 11 ಡಿಗ್ರಿ ಮೇಲೆ ಕಾಣುತ್ತಿತ್ತು, ಅಲೆಕ್ಸಾಂಡ್ರಿಯಾದಿಂದಲೂ ಕಾಣುತ್ತಿತ್ತು. ಅಂದಿನಿಂದ ಅದೂ ಒಮೆಗಾ ಸೆಂಟಾರಿಯೂ ಇಳಿಯುತ್ತಲೇ ಇವೆ. ಆಕಾಶದ ಎದುರು ಬದಿಯಲ್ಲಿರುವ 47 ಟುಕಾನೆ ಮಾತ್ರ ಏರುತ್ತಿದೆ. ಸಾವಿರದೈನೂರು ವರ್ಷಗಳ ಹಿಂದೆ, ತಲಕಾಡಿನಲ್ಲಿ ಗಂಗರು ಆಳುತ್ತಿದ್ದಾಗ, ಈ ನಾಡಿನಲ್ಲಿ ಅದು ದಿಗಂತದ ಮೇಲೆ ಬರುತ್ತಲೇ ಇರಲಿಲ್ಲ. ನಮ್ಮ ಹಿರಿಯರು ಅಗಸ್ತ್ಯ ನಕ್ಷತ್ರದ ಉದಯವನ್ನು ಕಾಯುತ್ತಿದ್ದರು. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟ. ದಕ್ಷಿಣದಂಚಿನಲ್ಲಿ ಕಣ್ಣಿಟ್ಟು ಕಾಯುವ ರೂಢಿ ನಮ್ಮಲ್ಲಿ ಹಳೆಯದು. 47 ಟುಕಾನೆ ಮಾತ್ರ ಆ ರೂಢಿಗೆ ಹೊಸದಾಗಿ ಬಂದು ಸೇರಿದ ಅತಿಥಿ.

ದೂರದರ್ಶಕ ಬಂದ ಮೇಲೆ ದಕ್ಷಿಣಕ್ಕೆ ಹೊರಟವರಲ್ಲಿ ಎಡ್ಮಂಡ್ ಹ್ಯಾಲಿ ಮೊದಲಿಗರಲ್ಲೊಬ್ಬ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ, ಒಮೆಗಾ ಸೆಂಟಾರಿ ಒಂಟಿ ನಕ್ಷತ್ರವಲ್ಲ, ಮಬ್ಬು ಮಚ್ಚೆ ಎಂದು ಗುರುತಿಸಿದ. ಅದಾದ ಹನ್ನೆರಡು ವರ್ಷಕ್ಕೆ ಕಥೆ ನಮ್ಮ ಪಕ್ಕಕ್ಕೇ ಬಂತು. ಸಯಾಮಿನಲ್ಲಿ ದಂಗೆ ಎದ್ದಾಗ ಅಲ್ಲಿಂದ ಹೊರಟುಬಂದ ಝಾಂ ರಿಶೊ ಎಂಬ ಜೆಸೂಟ್ ಪಾದ್ರಿ ಪುದುಚೇರಿಯಲ್ಲಿ ನೆಲೆಸಿದ್ದರು. 1689ರ ಡಿಸೆಂಬರಿನಲ್ಲಿ ಒಂದು ಧೂಮಕೇತುವನ್ನು ನೋಡುತ್ತಾ ದೂರದರ್ಶಕವನ್ನು ಆಲ್ಫಾ ಸೆಂಟಾರಿಯತ್ತ ತಿರುಗಿಸಿದರು. ಅದು ಜೋಡಿ ನಕ್ಷತ್ರವೆಂದು ಜಗತ್ತಿಗೆ ಗೊತ್ತಾದದ್ದು ಆಗ. ಪುದುಚೇರಿಯ ಅಕ್ಷಾಂಶವೂ ನಮ್ಮೂರಿನದೂ ಹೆಚ್ಚುಕಡಿಮೆ ಒಂದೇ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವ್ಯೂಹದ ಗುಟ್ಟು, ದಿಗಂತದಿಂದ 20 ಡಿಗ್ರಿಗೂ ಕೆಳಗೆ, ಕರಾವಳಿಯ ತೇವದ ಗಾಳಿಯೊಳಗಿಂದ ಹೊರಬಂತು.

ನಿಕೊಲಾ ಲೂಯಿ ದ ಲಕಾಯ್ 1751ರಲ್ಲಿ ದಕ್ಷಿಣ ಆಫ್ರಿಕಾದ ಕೇಪಿಗೆ ಬಂದು, ಅರ್ಧ ಅಂಗುಲ ಬಾಯಿಯ, ಎಂಟು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಹತ್ತಿರ ಹತ್ತಿರ 10,000 ನಕ್ಷತ್ರಗಳ ಸ್ಥಾನ ಅಳೆದ. ದಕ್ಷಿಣದ 42 ಮಬ್ಬು ಮಚ್ಚೆಗಳ ಪಟ್ಟಿಯನ್ನೂ ಮಾಡಿದ. ಆ ಪಟ್ಟಿಯ ಮೊದಲನೆಯದೇ 47 ಟುಕಾನೆ. ಜ್ಯುವೆಲ್ ಬಾಕ್ಸೂ ಅದರಲ್ಲಿದೆ. ಇವತ್ತು ಮಾಮೂಲಿ ಕ್ಯಾಮೆರಾದ ಎಷ್ಟೋ ಲೆನ್ಸುಗಳ ಬಾಯಿ ಲಕಾಯನ ದೂರದರ್ಶಕಕ್ಕಿಂತ ದೊಡ್ಡದಿರುತ್ತದೆ. ಸಲಕರಣೆ ಸಣ್ಣದೆಂದು ಕೈಕಟ್ಟಿ ಕೂರುವ ಹುಡುಗರಿಗೆ ನಾನು ಲಕಾಯನ ಹೆಸರು ಹೇಳುತ್ತೇನೆ.

ಈಗ ನನ್ನ ಕಸುಬಿನ ಹಿರಿಯನ ವಿಷಯಕ್ಕೆ ಬರುತ್ತೇನೆ. ಡಾರ್ಕ್‌ರೂಮಿನಲ್ಲಿ ಕೈ ಅದ್ದಿದವರಿಗೆಲ್ಲ ಹೈಪೊ ಗೊತ್ತು. ಡೆವಲಪರಿನಿಂದ ತೆಗೆದ ನೆಗೆಟಿವ್ ಅದರಲ್ಲಿ ಮುಳುಗದಿದ್ದರೆ ಬೆಳಕಿಗೆ ಬಂದೊಡನೆ ಕಪ್ಪಾಗಿಹೋಗುತ್ತದೆ. ಬೆಳ್ಳಿಯ ಲವಣಗಳನ್ನು ಹೈಪೊ ಕರಗಿಸುತ್ತದೆಂದು 1819ರಲ್ಲಿ ಕಂಡುಕೊಂಡವರು ಜಾನ್ ಹರ್ಷೆಲ್. ಇದೇ ಹರ್ಷೆಲ್ 1834ರಿಂದ 1838ರವರೆಗೆ ಕೇಪಿನ ಫೆಲ್ಡ್‌ಹೌಸೆನ್ ತೋಟದಲ್ಲಿ, ಹದಿನೆಂಟೂಕಾಲು ಅಂಗುಲದ ದರ್ಪಣದ ದೂರದರ್ಶಕ ನೆಟ್ಟು, ದಕ್ಷಿಣದ ಇಡೀ ಆಕಾಶವನ್ನು ಜಾಲಾಡಿದರು. ಜ್ಯುವೆಲ್ ಬಾಕ್ಸಿನ ನೂರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಗುರುತು ಹಾಕಿದರು. ಅವುಗಳ ಬಣ್ಣಗಳನ್ನು ಕಂಡು ಅವರು ಬರೆದ ಒಡವೆಯ ವರ್ಣನೆಯಿಂದಲೇ ಆ ಗುಚ್ಛಕ್ಕೆ ಈಗಿನ ಹೆಸರು ಬಂತು. ಎಲ್ಲವನ್ನೂ ಅವರು ಬಿಡಿಸಿದ್ದು ಪೆನ್ಸಿಲಿನಲ್ಲಿ, ಚುಕ್ಕಿಗೆ ಚುಕ್ಕಿ ಸೇರಿಸಿ. 1838ರಲ್ಲಿ ಊರಿಗೆ ಮರಳಿದರು. 1839ರ ಜನವರಿಯಲ್ಲಿ ಪ್ಯಾರಿಸ್ಸಿನಿಂದ ಡಗೇರನ ಫೋಟೊ ವಿಧಾನದ ಸುದ್ದಿ ಬಂತು; ಆ ತಿಂಗಳು ಮುಗಿಯುವುದರೊಳಗೆ ಹರ್ಷೆಲ್ ತಮ್ಮ ಹಳೆಯ ಹೈಪೊ ತೆಗೆದು ಚಿತ್ರವನ್ನು ಉಳಿಸಿ ತೋರಿಸಿದರು. ನೆಗೆಟಿವ್, ಪಾಸಿಟಿವ್ ಎಂದು ನಾವು ದಿನಾ ಆಡುವ ಹೆಸರುಗಳನ್ನು ಬಳಕೆಗೆ ತಂದವರೂ ಅವರೇ. ಗುಚ್ಛಗಳನ್ನು ಕಣ್ಣು ಸೋಲುವವರೆಗೆ ಕೈಯಲ್ಲಿ ಬಿಡಿಸಿದವರೇ ಫೋಟೊ ಬಾಳುವಂತೆ ಮಾಡಿದರು. ನಮ್ಮ ಕಸುಬಿಗೂ ದಕ್ಷಿಣದ ಆಕಾಶಕ್ಕೂ ನಂಟು ಬೆಸೆದದ್ದು ಇಲ್ಲಿ.

ಆ ನಂಟು ಕರ್ನಾಟಕದವರೆಗೂ ಬಂದಿದೆ. ಹರ್ಷೆಲರ ಮಗ, ಅವರ ಹೆಸರೂ ಜಾನ್ ಹರ್ಷೆಲ್, ಸೈನ್ಯದ ಎಂಜಿನಿಯರಾಗಿ ಭಾರತದ ಭೂಮಾಪನದಲ್ಲಿದ್ದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಅವರು ನೋಡಿದ್ದು ನಮ್ಮ ಜಮಖಂಡಿಯಿಂದ, ಸ್ಪೆಕ್ಟ್ರೋಸ್ಕೋಪ್ ಹಿಡಿದು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಟೆನೆಂಟ್ ಎಂಬ ಅಧಿಕಾರಿಯ ತಂಡದೊಂದಿಗೆ ನೀಲಗಿರಿಯ ದೊಡ್ಡಬೆಟ್ಟ ಹತ್ತಿದರು. ಆ ತಂಡ ಅಲ್ಲಿ ಸೂರ್ಯನ ಕಿರೀಟದ ಫೋಟೊಗಳನ್ನು ತೆಗೆಯಿತು. ನಾನು 47 ಟುಕಾನೆಗಾಗಿ ಕ್ಯಾಮೆರಾ ಇಡುವಾಗ ಚೌಕಟ್ಟಿನ ಕೆಳಗಿನ ಅಂಚಿಗೆ ಬರುವುದು ಇದೇ ನೀಲಗಿರಿ. ಆಕಾಶದ ಫೋಟೊ ತೆಗೆಯುವ ಕೆಲಸಕ್ಕೆ ಆ ಬೆಟ್ಟ ನನ್ನ ಅಜ್ಜನ ಅಜ್ಜನ ಕಾಲದಿಂದ ಸಾಕ್ಷಿ ನಿಂತಿದೆ.

ದಕ್ಷಿಣದ ಗುಚ್ಛಗಳ ಫೋಟೊ ಎಂಬುದು ದೊಡ್ಡದಾಗಿ ಶುರುವಾದದ್ದು ಅರ್ಜೆಂಟೀನಾದ ಕೊರ್ದೊಬಾದಲ್ಲಿ. ಬೆಂಜಮಿನ್ ಗೂಲ್ಡ್ ಅಲ್ಲಿ 1871ರಲ್ಲಿ ರಾಷ್ಟ್ರೀಯ ವೀಕ್ಷಣಾಲಯ ತೆರೆದರು. ಫೋಟೊಕ್ಕೆಂದು ತರಿಸಿದ ಹನ್ನೊಂದು ಅಂಗುಲದ ಮಸೂರ ದಾರಿಯಲ್ಲೇ ಒಡೆದಿತ್ತು. ಜರ್ಮನಿಯಿಂದ ಬಂದಿದ್ದ ಕಾರ್ಲ್ ಶುಲ್ಟ್ಸ್ ಸೆಲಾಕ್ ಆ ತುಂಡುಗಳನ್ನೇ ಚೌಕಟ್ಟಿನಲ್ಲಿ ಹೊಂದಿಸಿ ಕೂರಿಸಿ ಗುಚ್ಛಗಳ ಫೋಟೊ ತೆಗೆದರು. ಅಂದು ಚಾಲ್ತಿಯಲ್ಲಿದ್ದದ್ದು ಕೊಲೋಡಿಯನ್ ಬಳಿದ ಹಸಿ ಪ್ಲೇಟು. ಅದು ಒಣಗುವುದರೊಳಗೆ ಎಕ್ಸ್‌ಪೋಷರ್ ಮುಗಿಸಿ ತೊಳೆದಾಗಬೇಕು. ಕೆಲವೇ ನಿಮಿಷಗಳ ಆಟ. ಗೂಲ್ಡರ ಗುಚ್ಛಗಳ ಅಳತೆಯ ಗ್ರಂಥ ಅಚ್ಚಾಗಿ ಬಂದದ್ದು 1897ರಲ್ಲಿ, ಅವರು ತೀರಿಕೊಂಡ ಮರುವರ್ಷ. ಒಡೆದ ಮಸೂರವನ್ನು ಬಿಸಾಡದೆ ಜೋಡಿಸಿದ ಆ ಮನುಷ್ಯನನ್ನು ನೆನೆಯದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ.

ಅವನಿಗಿಂತಲೂ ನನಗೆ ಹೆಚ್ಚು ಆಪ್ತನಾದವನು ಕೇಪ್ ಟೌನಿನ ಮೌಬ್ರೆಯಲ್ಲಿದ್ದ ಅಲಿಸ್ ಎಂಬ ಊರ ಫೋಟೊಗ್ರಾಫರ್. 1882ರ ಮಹಾಧೂಮಕೇತು ಬಂದಾಗ ಕೇಪ್ ವೀಕ್ಷಣಾಲಯದ ಮುಖ್ಯಸ್ಥ ಡೇವಿಡ್ ಗಿಲ್ ಅವರ ಬಳಿ ಆಕಾಶದ ಫೋಟೊ ತೆಗೆಯುವ ಸಾಮಾನಾಗಲಿ ಅನುಭವವಾಗಲಿ ಇರಲಿಲ್ಲ. ಅವರು ಅಲಿಸನನ್ನು ಕೇಳಿದರು. ಜನರ ಮುಖ ತೆಗೆಯುತ್ತಿದ್ದ ಕ್ಯಾಮೆರಾವನ್ನು ಅಲಿಸ್ ತಂದುಕೊಟ್ಟ. ಅದನ್ನು ವೀಕ್ಷಣಾಲಯದ ದೂರದರ್ಶಕದ ಬೆನ್ನಿಗೆ ಕಟ್ಟಿ, ಕಣ್ಣಿಂದ ಧೂಮಕೇತುವನ್ನು ಹಿಂಬಾಲಿಸುತ್ತಾ, ಎರಡು ಗಂಟೆಗೂ ಮೀರಿದ ಎಕ್ಸ್‌ಪೋಷರ್‌ವರೆಗೆ ಹೋದರು. ಆ ಹೊತ್ತಿಗೆ ಜಿಲೆಟಿನ್ನಿನ ಒಣ ಪ್ಲೇಟು ಬಂದಿದ್ದರಿಂದಲೇ ಇದು ಆಯಿತು. ಧೂಮಕೇತು ಬಂತು, ಅದರ ಹಿಂದೆ ರಾಶಿ ರಾಶಿ ನಕ್ಷತ್ರಗಳೂ ಬಂದಿದ್ದವು. ನಕ್ಷತ್ರಗಳ ನಕ್ಷೆಯನ್ನು ಫೋಟೊದಿಂದಲೇ ಮಾಡಬಹುದೆಂದು ಗಿಲ್‌ಗೆ ಹೊಳೆಯಿತು. ಮುಂದೆ ಕೇಪಿನ ಪ್ಲೇಟುಗಳನ್ನು ಹಾಲೆಂಡಿನ ಗ್ರೊನಿಂಗೆನ್‌ನಲ್ಲಿ ಯಾಕೊಬಸ್ ಕಾಪ್ಟೈನ್ ವರ್ಷಗಟ್ಟಲೆ ಅಳೆದರು. 4,54,875 ನಕ್ಷತ್ರಗಳ ಪಟ್ಟಿ 1896ರಿಂದ 1900ರ ನಡುವೆ ಹೊರಬಂತು. ಅದರ ಬುಡದಲ್ಲಿರುವುದು ಒಂದು ಸ್ಟುಡಿಯೊದ ಲೆನ್ಸು.

ಗಿಲ್ ಅವರ ಫೋಟೊಗಳು ಪ್ಯಾರಿಸ್ಸಿನವರನ್ನೂ ಹುರಿದುಂಬಿಸಿ, 1887ರಲ್ಲಿ ಜಗತ್ತಿನ ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಫೋಟೊ ತೆಗೆಯುವ ಯೋಜನೆಗೆ ಕೂಡಿದವು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ಆಮೇಲೆ ಅದರಲ್ಲಿ ಸೇರಿತು. ದಕ್ಷಿಣದ 17ರಿಂದ 23 ಡಿಗ್ರಿವರೆಗಿನ ಪಟ್ಟಿ ಅದರ ಪಾಲಿಗೆ ಬಂತು. ಯೂರೋಪಿನ ಉತ್ತರದ ಊರುಗಳಿಗೆ ತಗ್ಗಿನದಾಗಿದ್ದ ಆ ಪಟ್ಟಿ ಹೈದರಾಬಾದಿಗೆ ಎತ್ತರದ್ದು. ಈ ಯೋಜನೆಯ ನಕ್ಷೆಯ ಪ್ಲೇಟುಗಳಲ್ಲಿ ಒಂದು ಜಾಣತನವಿತ್ತು. ಒಂದೇ ಪ್ಲೇಟಿಗೆ ಮೂರು ಸಲ, ತುಸು ತುಸು ಸರಿಸಿ ಎಕ್ಸ್‌ಪೋಷರ್ ಕೊಡುತ್ತಿದ್ದರು. ನಿಜವಾದ ನಕ್ಷತ್ರ ಪುಟ್ಟ ತ್ರಿಕೋನವಾಗಿ ಮೂಡುತ್ತದೆ, ಧೂಳಿನ ಚುಕ್ಕಿ ಒಂಟಿಯಾಗಿಯೇ ಉಳಿಯುತ್ತದೆ. ನೆಗೆಟಿವ್ ಟಚ್ ಮಾಡಲು ಪೆನ್ಸಿಲ್ ಹಿಡಿದು ಕೂತವರಿಗೆ ಈ ಉಪಾಯದ ಬೆಲೆ ತಕ್ಷಣ ತಿಳಿಯುತ್ತದೆ.

ಪ್ಲೇಟುಗಳಿಂದ ಬಂದ ದೊಡ್ಡ ಫಲ ಪೆರುವಿನ ಅರೆಕಿಪಾದ್ದು. ಹಾರ್ವರ್ಡಿನವರು ಅಲ್ಲಿ ದಕ್ಷಿಣದ ಠಾಣೆ ಹಾಕಿದ್ದರು. ಸೋಲನ್ ಬೇಲಿ ಒಮೆಗಾ ಸೆಂಟಾರಿಯ ಒಂದೇ ಫೋಟೊದಲ್ಲಿ ಆರು ಸಾವಿರಕ್ಕೂ ಹೆಚ್ಚು ನಕ್ಷತ್ರ ಎಣಿಸಿದರು. ಬೇರೆ ಬೇರೆ ರಾತ್ರಿಗಳ ಪ್ಲೇಟುಗಳನ್ನು ಹೋಲಿಸಿ, ಅದರಲ್ಲಿ ಬೆಳಕು ಹೆಚ್ಚುಕಡಿಮೆಯಾಗುವ 128 ನಕ್ಷತ್ರಗಳ ವರದಿಯನ್ನು 1902ರಲ್ಲಿ ಪ್ರಕಟಿಸಿದರು. ಅದೇ ಠಾಣೆಯಿಂದ ಬಂದ ಪ್ಲೇಟುಗಳನ್ನು ನೋಡುತ್ತಾ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ ಚಿಕ್ಕ ಮೆಗೆಲನ್ ಮೋಡದ ಚಂಚಲ ನಕ್ಷತ್ರಗಳಲ್ಲಿ ಒಂದು ನಿಯಮ ಕಂಡರು: ಮಿಡಿತದ ಅವಧಿ ಉದ್ದವಾದಷ್ಟೂ ನಕ್ಷತ್ರದ ನಿಜವಾದ ಬೆಳಕು ಹೆಚ್ಚು. 1912ರ ಈ ನಿಯಮದಿಂದಲೇ ಗೆಲಾಕ್ಸಿಗಳ ದೂರ ಅಳೆಯುವ ದಾರಿ ತೆರೆಯಿತು. ಚಿಕ್ಕ ಮೆಗೆಲನ್ ಮೋಡ 47 ಟುಕಾನೆಯ ಪಕ್ಕದಲ್ಲೇ ಇದೆ, ನಮ್ಮ ದಿಗಂತದಿಂದ ಐದೂವರೆ ಡಿಗ್ರಿ ಮೇಲೆ. ವಿಶ್ವದ ಅಳತೆಗೋಲು ಸಿಕ್ಕಿದ ಜಾಗ ನೀಲಗಿರಿಯ ಸಾಲಿನ ಮೇಲೆಯೇ ಹಾದುಹೋಗುತ್ತದೆಂದು ನಮ್ಮೂರ ಶಾಲೆಯ ಮಕ್ಕಳಿಗೆ ತೋರಿಸಿ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಇನ್ನು ನಮ್ಮ ಅಕ್ಷಾಂಶದವರು. 13 ಡಿಗ್ರಿ ಉತ್ತರದ ಮದರಾಸು ವೀಕ್ಷಣಾಲಯದಲ್ಲಿ ಟಿ. ಜಿ. ಟೇಲರ್ 1844ರಲ್ಲಿ 11,000ಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮುಗಿಸಿದರು. ಅಲ್ಲಿಯೇ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲೈ ಎಂಬ ಚಂಚಲ ನಕ್ಷತ್ರವನ್ನು ಕಂಡುಹಿಡಿದರು. ಅದರ ಡಿಕ್ಲಿನೇಷನ್ ದಕ್ಷಿಣಕ್ಕೆ 63 ಡಿಗ್ರಿ; ಅಂದರೆ ಮದರಾಸಿನಲ್ಲಿ ಅದು 14 ಡಿಗ್ರಿಗಿಂತ ಮೇಲೆ ಬರುವುದೇ ಇಲ್ಲ. ಬಂಗಾಳ ಕೊಲ್ಲಿಯ ಸೆಕೆಗಾಳಿಯಲ್ಲಿ, ನಗರದ ಹೊಗೆಯಲ್ಲಿ, ಅಷ್ಟು ಕೆಳಗಿನ ಒಂದು ನಕ್ಷತ್ರದ ಬೆಳಕು ಕಳೆದ ಬಾರಿಗಿಂತ ಈ ಬಾರಿ ಬೇರೆಯಾಗಿದೆ ಎಂದು ಖಚಿತವಾಗಿ ಹೇಳಬೇಕಾದರೆ ಸುತ್ತಲಿನ ಪ್ರತಿ ನಕ್ಷತ್ರದೊಡನೆ ತಾಳೆ ನೋಡಬೇಕು. ಗಾಳಿ ಮಂದವಾದರೆ ಅಕ್ಕಪಕ್ಕದವೂ ಮಂದವಾಗುತ್ತವೆ. ಒಂದೇ ಮಂದವಾದರೆ ಅದು ನಕ್ಷತ್ರದ ಗುಣ. 1874ರ ಶುಕ್ರಸಂಕ್ರಮಣದ ಬಗ್ಗೆ ಜನಸಾಮಾನ್ಯರಿಗಾಗಿ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂದಿತ್ತು. ತಗ್ಗಿನ ಆಕಾಶದ ಛಾಯಾಗ್ರಾಹಕರಿಗೆ ಗುರು ಬೇಕೆಂದರೆ ನಾನು ಆಚಾರಿಯವರನ್ನೇ ತೋರಿಸುತ್ತೇನೆ, ಅವರು ಕ್ಯಾಮೆರಾ ಹಿಡಿಯದಿದ್ದರೂ.

ಅದೇ ಹಾದಿಯಲ್ಲಿ 1960ರ ದಶಕದಲ್ಲಿ ಖಗೋಳ ವಿಜ್ಞಾನಿ ವೇಣು ಬಪ್ಪು ಹೊಸ ವೀಕ್ಷಣಾಲಯಕ್ಕೆ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. ಅಲ್ಲಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ದಕ್ಷಿಣದ ಆಕಾಶದ ಬಹುಪಾಲು ಅಲ್ಲಿಂದ ಕೈಗೆ ಸಿಗುತ್ತದೆ. ಉತ್ತರ ಭಾರತದ ಯಾವ ಬೆಟ್ಟಕ್ಕೂ ಆ ಭಾಗ್ಯವಿಲ್ಲ. 1986ರಲ್ಲಿ ಉದ್ಘಾಟನೆಯಾದ ಅಲ್ಲಿನ 2.34 ಮೀಟರ್ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಈಗ ಅವರದೇ ಹೆಸರು. ಅದನ್ನು ನಡೆಸುವ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ.

ಕೆಳಗಿನ ಆಕಾಶ ಕಷ್ಟ ಕೊಡುವುದು ಹೇಗೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ವಾತಾವರಣದ ಒಂದು ಪಾಲು ದಾಟಿದರೆ, 30 ಡಿಗ್ರಿ ಎತ್ತರದ್ದು ಎರಡು ಪಾಲು ದಾಟುತ್ತದೆ. 6 ಡಿಗ್ರಿಯದ್ದು ಹತ್ತಿರ ಹತ್ತಿರ ಒಂಬತ್ತು ಪಾಲು. ಗಾಳಿ ಚೊಕ್ಕಟವಾಗಿದ್ದ ರಾತ್ರಿಯಲ್ಲೂ 47 ಟುಕಾನೆಯ ಬೆಳಕಿನಲ್ಲಿ ಆರರಲ್ಲೊಂದು, ಏಳರಲ್ಲೊಂದು ಭಾಗ ನಮ್ಮನ್ನು ಮುಟ್ಟಿದರೆ ಹೆಚ್ಚು. 4ನೇ ಕಾಂತಿಮಾನದ ಗುಚ್ಛ (ಸಂಖ್ಯೆ ಹೆಚ್ಚಾದಷ್ಟೂ ಬೆಳಕು ಕಡಿಮೆ) 6ರ ಆಸುಪಾಸಿಗೆ ಇಳಿದು ಬರಿಗಣ್ಣಿಗೆ ಸಿಕ್ಕೂ ಸಿಗದಂತಾಗುತ್ತದೆ. ನೀಲಿ ಬೆಳಕು ಹೆಚ್ಚು ಚದುರಿಹೋಗುವುದರಿಂದ ಉಳಿದದ್ದು ಕೆಂಪಿಗೆ ತಿರುಗುತ್ತದೆ. ವಾತಾವರಣ ಬೆಳಕನ್ನು ಬಾಗಿಸುವುದರಿಂದ ಗುಚ್ಛ ತಾನಿರುವುದಕ್ಕಿಂತ ತುಸು ಮೇಲೆ ಕಾಣುತ್ತದೆ. ತೀರಾ ದಿಗಂತದಲ್ಲಿ ಈ ಎತ್ತಿಕೆ ಅರ್ಧ ಡಿಗ್ರಿಗೂ ಹೆಚ್ಚು, ಅಂದರೆ ಚಂದ್ರಬಿಂಬದ ಅಗಲಕ್ಕಿಂತ ಜಾಸ್ತಿ. ನೀಲಿ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಅದಕ್ಕೇ 200 ಮಿ.ಮೀ. ಲೆನ್ಸಿನ ಚಿತ್ರವನ್ನು ಹಿಗ್ಗಿಸಿದರೆ ಪ್ರತಿ ನಕ್ಷತ್ರದ ಮೇಲಂಚು ನೀಲಿ, ಕೆಳಂಚು ಕೆಂಪು.

ಇದಕ್ಕೆ ಪ್ರತಿಯಾಗಿ ಪ್ರಕೃತಿ ಒಂದು ಅನುಕೂಲವನ್ನೂ ಕೊಟ್ಟಿದೆ. ಆಕಾಶದ ದಕ್ಷಿಣ ಧ್ರುವದ ಹತ್ತಿರದ ನಕ್ಷತ್ರಗಳು ನಿಧಾನ ಸರಿಯುತ್ತವೆ. ಆಕಾಶದ ವಿಷುವದ್ವೃತ್ತದ ಮೇಲಿನ ನಕ್ಷತ್ರದ ವೇಗಕ್ಕೆ ಹೋಲಿಸಿದರೆ 47 ಟುಕಾನೆಯದು ಮೂರನೇ ಒಂದಕ್ಕಿಂತ ಕಡಿಮೆ. ಹಾಗಾಗಿ ಆಕಾಶವನ್ನು ಹಿಂಬಾಲಿಸುವ ಯಂತ್ರವಿಲ್ಲದೆ, ಬರೀ ಟ್ರೈಪಾಡಿನ ಮೇಲೆ, ಬೇರೆಡೆ ಹತ್ತು ಸೆಕೆಂಡು ಶಟರ್ ತೆರೆಯಬಹುದಾದರೆ ಇಲ್ಲಿ ಮೂವತ್ತು ಸೆಕೆಂಡು ತೆರೆಯಬಹುದು. ಸಣ್ಣ ಊರಿನ, ಸಣ್ಣ ಬಂಡವಾಳದವರಿಗೆ ದಕ್ಷಿಣದ ದಿಗಂತ ಹೀಗೆ ಕೈ ಹಿಡಿಯುತ್ತದೆ.

ನನಗೆ ಈ ಹುಚ್ಚು ಹತ್ತಿದ್ದು 1986ರಲ್ಲಿ, ಅಪ್ಪನ ಡಾರ್ಕ್‌ರೂಮಿನಲ್ಲಿ ಕೆಲಸ ಕಲಿಯುತ್ತಿದ್ದಾಗ. ಹ್ಯಾಲಿ ಧೂಮಕೇತು ಏಪ್ರಿಲ್ ಎರಡನೇ ವಾರ ಒಮೆಗಾ ಸೆಂಟಾರಿಯ ನೆರೆಯಲ್ಲೇ ಹಾದುಹೋಯಿತು. ಏಪ್ರಿಲ್ 9ಕ್ಕೆ ಅಮಾವಾಸ್ಯೆ. ಲಂಡನ್ನಿನಲ್ಲಿ ದಿಗಂತದ ಕೆಳಗಿದ್ದ ಧೂಮಕೇತು ನಮಗೆ 30 ಡಿಗ್ರಿ ಮೇಲಿತ್ತು. ಸ್ಟುಡಿಯೊದ ಯಾಶಿಕಾ ಕ್ಯಾಮೆರಾ, ಅದರೊಳಗೆ 'ಇಂದು' ಎಂಬ ಹೆಸರಿನ ಫಿಲ್ಮ್ ರೋಲು. ಆ ಫಿಲ್ಮು ತಯಾರಾಗುತ್ತಿದ್ದದ್ದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯಲ್ಲಿ, ನಾನು ಕ್ಯಾಮೆರಾ ತಿರುಗಿಸಿದ್ದ ಅದೇ ಬೆಟ್ಟಸಾಲಿನ ನೆತ್ತಿಯಲ್ಲಿ. ಫಿಲ್ಮಿಗೆ ಒಂದು ಗುಣವಿದೆ: ಹೊತ್ತು ಹೆಚ್ಚಾದಂತೆ ಅದರ ಚುರುಕು ಕುಗ್ಗುತ್ತದೆ, ಎಕ್ಸ್‌ಪೋಷರನ್ನು ಇಮ್ಮಡಿ ಮಾಡಿದರೆ ಬೆಳಕು ಇಮ್ಮಡಿ ಮೂಡುವುದಿಲ್ಲ. ಆ ಲೆಕ್ಕವನ್ನು ಅಪ್ಪ ಬಾಯಲ್ಲೇ ಹೇಳಿಕೊಟ್ಟರು. ಬೇಸಿಗೆಯ ಬಿಸಿಗೆ ಡೆವಲಪರನ್ನು ಮಡಕೆಯ ನೀರಿನಲ್ಲಿಟ್ಟು ತಣಿಸಿದರು. ಹೈಪೊದಿಂದ ಎತ್ತಿದ ನೆಗೆಟಿವಿನಲ್ಲಿ ಧೂಮಕೇತುವಿನ ಮಬ್ಬು, ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ದುಂಡು ಮಬ್ಬು. ಅದು ಒಮೆಗಾ ಸೆಂಟಾರಿ: 17,000 ಬೆಳಕಿನ ವರ್ಷ ದೂರದ, ಕೋಟಿ ನಕ್ಷತ್ರಗಳ ಗುಚ್ಛ. ಧೂಮಕೇತು ಹೊರಟುಹೋಯಿತು, ನಾನು ಗುಚ್ಛವನ್ನು ಹಿಡಿದುಕೊಂಡೆ. ಕಾರ್ಖಾನೆ ಈಗ ಮುಚ್ಚಿದೆ, ರೋಲಿನ ಕಾಲ ಮುಗಿದಿದೆ. ಡಿಜಿಟಲ್ಲಿನಲ್ಲಿ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಗದ್ದಲ (ನಾಯ್ಸ್) ಕಳೆಯಬಹುದು. ಫಿಲ್ಮಿನಲ್ಲಿ ಕಾಣದಿದ್ದದ್ದು ಈಗ ಕಾಣುತ್ತದೆ. ಗಾಳಿಯ ಒಂಬತ್ತು ಪಾಲು ಮಾತ್ರ ಹಾಗೆಯೇ ಇದೆ.

ಮಾರ್ಚ್ ಮೊದಲ ವಾರ ಅಮಾವಾಸ್ಯೆ ಬಿದ್ದರೆ ಅದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ. ಹನ್ನೆರಡೂವರೆಗೆ ಐಸಿ 2602 ದಕ್ಷಿಣದ ನೇರಕ್ಕೆ ಬರುತ್ತದೆ, ಎರಡೂಮುಕ್ಕಾಲರ ಹೊತ್ತಿಗೆ ಜ್ಯುವೆಲ್ ಬಾಕ್ಸ್, ಮೂರೂಕಾಲಿಗೆ ಒಮೆಗಾ ಸೆಂಟಾರಿ. 47 ಟುಕಾನೆಗೆ ಡಿಸೆಂಬರ್ ಮೊದಲ ವಾರ ರಾತ್ರಿ ಎಂಟರ ಸುಮಾರು. ಹಿಂಗಾರು ತೊಳೆದುಹೋದ ಗಾಳಿ, ಮಂಜು ಇನ್ನೂ ಕೂತಿರದ ಹೊತ್ತು. ಮಳೆ ನಿಂತ ಮಾರನೆಯ ರಾತ್ರಿಗಿಂತ ತಿಳಿಯಾದ ದಿಗಂತ ನಾನು ಕಂಡಿಲ್ಲ.

ಈ ದಿಗಂತ ಉಳಿದಿರುವುದು ಕಾಡಿನಿಂದ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ತಡೆ ಬಂದದ್ದು 2009ರಲ್ಲಿ, ಕಾಡುಪ್ರಾಣಿಗಳನ್ನು ಉಳಿಸುವುದಕ್ಕಾಗಿ. ನಮ್ಮ ದಕ್ಷಿಣಕ್ಕೆ ಹೆಡ್‌ಲೈಟಿಲ್ಲದ ಕತ್ತಲೆಯೂ ಅದರೊಂದಿಗೆ ಸಿಕ್ಕಿತು. ಅದೇ ಕಾಡಿಗೆ 2019ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಾಗ ದಕ್ಷಿಣದ ಕೆಳಗಿನ ಆಕಾಶವೆಲ್ಲ ಹೊಗೆ. ಊರಿನ ದೀಪಗಳು ಹೆಚ್ಚಿದಾಗ, ಹೊಗೆ ಕವಿದಾಗ, ಧೂಳು ಎದ್ದಾಗ ಮೊದಲು ಅಳಿಸಿಹೋಗುವುದು ನೆತ್ತಿಯ ನಕ್ಷತ್ರವಲ್ಲ, ಅಂಚಿನದ್ದು. ಒಂದೇ ಗುಚ್ಛವನ್ನು ಒಂದೇ ಜಾಗದಿಂದ ವರ್ಷ ವರ್ಷವೂ ತೆಗೆದವರ ಬಳಿ ಆ ಊರಿನ ಗಾಳಿಯ ಚರಿತ್ರೆಯೇ ಇರುತ್ತದೆ. ಆದ್ದರಿಂದ ಬೀದಿದೀಪಗಳಿಗೆ ಬೆಳಕನ್ನು ನೆಲಕ್ಕೆ ತಗ್ಗಿಸುವ ಮುಚ್ಚಳ ಹಾಕಿಸಿ ಎಂದು ಕೇಳುವುದು ನಮ್ಮಂಥ ನಾಲ್ಕು ಜನರ ಹವ್ಯಾಸಕ್ಕಾಗಿ ಮಾಡುವ ಬೇಡಿಕೆಯಲ್ಲ. ರಿಶೊ, ಆಚಾರಿ, ಬಪ್ಪು ಬಳಸಿದ ಆಕಾಶದ ಪಾಲನ್ನು ಮುಂದಿನವರಿಗೂ ಉಳಿಸಿಕೊಡಿ ಎಂಬ ಬೇಡಿಕೆ.

ಸ್ಟುಡಿಯೊದವನಾಗಿ ಹೊಸಬರಿಗೆ ಹೇಳುವುದು ಇಷ್ಟು. ಚಿತ್ರ ಚೆನ್ನಾಗಿ ಬರಲಿ, ಮಬ್ಬಾಗಿ ಬರಲಿ, ಅಳಿಸಬೇಡಿ. ನಾವು ನೆಗೆಟಿವ್ ಕವರಿನ ಮೇಲೆ ಬರೆಯುತ್ತಿದ್ದ ಹಾಗೆ ಊರು, ತಾರೀಕು, ಗಂಟೆ, ಲೆನ್ಸು, ಎಕ್ಸ್‌ಪೋಷರ್, ದಿಗಂತದಿಂದ ಎಷ್ಟು ಡಿಗ್ರಿ ಎಂಬುದನ್ನೆಲ್ಲ ಬರೆದಿಡಿ. ಹಾರ್ವರ್ಡಿನಲ್ಲಿ ಅಂಥ ಐದು ಲಕ್ಷಕ್ಕೂ ಹೆಚ್ಚು ಗಾಜಿನ ಪ್ಲೇಟುಗಳಿವೆ, ಅವುಗಳಲ್ಲಿ ಇವತ್ತಿಗೂ ಹೊಸ ಸಂಗತಿ ಹುಡುಕುತ್ತಾರೆ. ಬೇಲಿಗೂ ಲೆವಿಟ್‌ಗೂ ನಕ್ಷತ್ರಗಳ ಮಿಡಿತ ಸಿಕ್ಕಿದ್ದು ಪ್ಲೇಟಿನ ಮೇಲೆ ಯಾರೋ ತಪ್ಪದೆ ಬರೆದ ತಾರೀಕುಗಳಿಂದ. ತಾರೀಕಿದ್ದ ಮಬ್ಬು ಚಿತ್ರ ನೂರು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತದೆ. ತಾರೀಕಿಲ್ಲದ ಸೊಗಸಾದ ಚಿತ್ರ ಗೋಡೆಗೆ ಹಾಕಲು ಮಾತ್ರ.